ಶವದ ಮೇಲೆ ರಕ್ಷೆಯ ಜಾಗ: ಪ್ರಾಚೀನ ಈಜಿಪ್ಟಿನ ತಾಯಿತಗಳ ಕುರಿತು ಒಂದು ಟಿಪ್ಪಣಿ

ಪ್ರಾಚೀನ ಈಜಿಪ್ಟಿನ ತಾಯಿತಗಳನ್ನು ಪರಿಚಯಿಸುವ ಬರಹಗಳು ಹೆಚ್ಚಾಗಿ ಒಂದು ಪಟ್ಟಿಯಿಂದ ಶುರುವಾಗುತ್ತವೆ. ಅಂಖ್ ಎಂದರೆ ಬದುಕು, ಜೆದ್ ಕಂಬ ಎಂದರೆ ಸ್ಥಿರತೆ, ಸಗಣಿ ದುಂಬಿ ಎಂದರೆ ಮರುಹುಟ್ಟು, ಹೋರಸ್‌ನ ಕಣ್ಣು ಎಂದರೆ ಆರೋಗ್ಯ. ಪಟ್ಟಿ ಸುಳ್ಳಲ್ಲ, ಆದರೆ ಸಾಲದು. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟ ತಾಯಿತಕ್ಕೆ ಒಂದು ಅರ್ಥ ಅಂಟಿಸುವುದು ಸುಲಭ. ಅದು ಶವದ ಕೊರಳಲ್ಲಿತ್ತೋ, ಎದೆಗೂಡಿನೊಳಗಿತ್ತೋ, ಹೊಟ್ಟೆಯ ಎಡಬದಿಯಲ್ಲಿತ್ತೋ ಎಂದು ಕೇಳಿದರೆ ಬಹುಪಾಲು ಸಂಗ್ರಹಾಲಯಗಳ ದಾಖಲೆ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಆ ಪ್ರಶ್ನೆ ಗೌಣವಲ್ಲ ಎಂಬುದು ಈ ಟಿಪ್ಪಣಿಯ ವಾದ. ಯಾವ ಕಲ್ಲು, ಯಾವ ಬಣ್ಣ, ಅದರ ಮೇಲೆ ಹೇಳಿದ ಮಾತು ಯಾವುದು, ದೇಹದ ಯಾವ ಭಾಗಕ್ಕೆ ಅದನ್ನು ತಾಗಿಸಿ ಇಟ್ಟರು ಎಂಬುವೆಲ್ಲ ಕೂಡಿದರೆ ಮಾತ್ರ ಈಜಿಪ್ಟಿನವರ ಪಾಲಿಗೆ ಅದು ರಕ್ಷೆ. ಆಕಾರ ಇವುಗಳಲ್ಲಿ ಒಂದು ಅಂಶ, ಅಷ್ಟೇ.

ಪಟ್ಟಿಯ ಅಭ್ಯಾಸಕ್ಕೆ ಮುಖ್ಯ ಕಾರಣ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1914ರಲ್ಲಿ ಪ್ರಕಟಿಸಿದ ‘ಆಮ್ಯುಲೆಟ್ಸ್’ ಎಂಬ ಗ್ರಂಥ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಗ್ರಹವನ್ನು ಆಧರಿಸಿ ಆತ 275 ಬಗೆಯ ತಾಯಿತಗಳನ್ನು ಗುರುತಿಸಿ ಐದು ಗುಂಪು ಮಾಡಿದ: ಹೋಲಿಕೆಯ ಬಲದಿಂದ ಫಲ ಕೊಡುವವು, ಶಕ್ತಿ ತುಂಬುವವು, ಸತ್ತವನ ಸೊತ್ತಿಗೆ ಪ್ರತಿಯಾದವು, ಕೇಡನ್ನು ತಡೆಯುವವು, ದೇವತಾರೂಪಗಳು. ಗುಂಪುಗಳ ಗಡಿ ಗಟ್ಟಿಯಲ್ಲ. ಹೋರಸ್‌ನ ಕಣ್ಣನ್ನು ಇವುಗಳಲ್ಲಿ ಮೂರು ಕಡೆ ಇಟ್ಟರೂ ಯಾರೂ ಜಗಳವಾಡಲಾರರು. ಗ್ರಂಥದ ನಿಜವಾದ ಬೆಲೆ ಇರುವುದು ಕೊನೆಯ ಕೆಲವು ಫಲಕಗಳಲ್ಲಿ. ಮಮ್ಮಿಗಳ ಮೇಲೆ ಯಾವ ತಾಯಿತ ಎಲ್ಲಿ ಸಿಕ್ಕಿತೆಂದು ಅಲ್ಲಿ ರೇಖಾಚಿತ್ರಗಳಿವೆ. ಅವುಗಳ ಹಿಂದಿರುವ ಕೆಲಸವೂ ಸಾಮಾನ್ಯದ್ದಲ್ಲ. ಹವಾರಾದಲ್ಲಿ 1888-89ರ ಉತ್ಖನನದ ವೇಳೆ ನೀರು ತುಂಬಿದ ಆಳವಾದ ಗೋರಿಯೊಂದರಿಂದ ಪೆಟ್ರಿ ಹೋರುಜಾ ಎಂಬ ಪುರೋಹಿತನ ಶವವನ್ನು ಹೊರತೆಗೆದ. ರಾಳ ಮತ್ತು ಬಟ್ಟೆಯ ಪದರಗಳನ್ನು ಒಂದೊಂದಾಗಿ ಬಿಡಿಸುತ್ತ, ಸಾಲುಸಾಲಾಗಿ ಬಂದ ತಾಯಿತಗಳನ್ನು ಅವು ಇದ್ದ ಜಾಗದೊಂದಿಗೇ ದಾಖಲಿಸಿದ. ಯುರೋಪಿನ ಶ್ರೀಮಂತರ ಮನೆಗಳಲ್ಲಿ ಮಮ್ಮಿ ಬಿಚ್ಚುವುದು ಒಂದು ಪ್ರದರ್ಶನವಾಗಿ, ಸಿಕ್ಕ ತಾಯಿತಗಳು ನೆರೆದವರ ಕೈಸೇರುತ್ತಿದ್ದ ಶತಮಾನದಲ್ಲಿ ಇದು ಅಪರೂಪದ ಶಿಸ್ತು.

ಜಾಗದ ಮಹತ್ವ ಪೆಟ್ರಿಯ ಊಹೆಯಲ್ಲ. ಈಜಿಪ್ಟಿನವರೇ ಅದನ್ನು ಬರೆದಿಟ್ಟಿದ್ದಾರೆ. ಹೊಸ ಸಾಮ್ರಾಜ್ಯದ ಕಾಲದಿಂದ ಶವದೊಂದಿಗೆ ಇಡುತ್ತಿದ್ದ ಮಂತ್ರಸಂಗ್ರಹವನ್ನು ನಾವು ‘ಮೃತರ ಪುಸ್ತಕ’ ಎನ್ನುತ್ತೇವೆ. ಅದರ 155ರಿಂದ 160ರವರೆಗಿನ ಮಂತ್ರಗಳು ಒಂದೊಂದು ತಾಯಿತಕ್ಕೆ ಮೀಸಲು. ಮಂತ್ರದ ಕೊನೆಗೆ, ಬಹುಮಟ್ಟಿಗೆ ಕೆಂಪು ಶಾಯಿಯಲ್ಲಿ, ವಿಧಿವಾಕ್ಯ ಬರುತ್ತದೆ. ಜೆದ್ ಕಂಬ ಬಂಗಾರದ್ದಾಗಿರಬೇಕು (155). ಐಸಿಸ್‌ಳ ಗಂಟು ಎಂದು ಕರೆಯುವ ತಿತ್ ಕೆಂಪು ಜ್ಯಾಸ್ಪರ್ ಕಲ್ಲಿನದ್ದಾಗಿರಬೇಕು (156). ರಣಹದ್ದಿನ ಕಂಠಹಾರಕ್ಕೆ ಬಂಗಾರ (157), ಪಪೈರಸ್ ಕಾಂಡದ ಆಕಾರದ ವಾಜ್‌ಗೆ ಹಸಿರು ಫೆಲ್ಡ್‌ಸ್ಪಾರ್ (159). ತಿತ್ ಅನ್ನು ಗೊತ್ತಾದ ಒಂದು ಹೂವಿನ ರಸದಲ್ಲಿ ನೆನೆಸಿ, ಅತ್ತಿಯ ಜಾತಿಯ ಸಿಕಮೋರ್ ಮರದ ನಾರಿನಲ್ಲಿ ಪೋಣಿಸಿ, ಮಣ್ಣು ಮಾಡುವ ದಿನ ಕೊರಳಿಗೆ ಹಾಕಬೇಕು. ವಸ್ತು, ದ್ರವ, ದಾರ, ದಿನ, ಅಂಗ ಇಷ್ಟನ್ನೂ ಹೇಳುವ ವಿಧಿ ಆಕಾರದ ಅರ್ಥವನ್ನು ವಿವರಿಸುವುದೇ ಇಲ್ಲ. ಅರ್ಥ ಹುಡುಕಿ ಹೊರಡುವ ನಮಗೂ, ಕೆಲಸ ಆಗಬೇಕೆಂದು ಬರೆದ ಆ ಪುರೋಹಿತನಿಗೂ ಇರುವ ಅಂತರ ಇಲ್ಲೇ ಕಾಣುತ್ತದೆ.

ಪುಸ್ತಕದ ವಿಧಿ ಶವದ ಮೇಲೆ ಎಷ್ಟರಮಟ್ಟಿಗೆ ಪಾಲನೆಯಾಯಿತು? ಅಳತೆಗೋಲಾಗಿ ಅರಸನೊಬ್ಬ ಸಿಗುತ್ತಾನೆ. ಟುಟಾಂಖಮುನ್‌ನ ಗೋರಿಯನ್ನು 1922ರ ನವೆಂಬರಿನಲ್ಲಿ ಕಂಡುಹಿಡಿದ ಹೋವರ್ಡ್ ಕಾರ್ಟರ್ ಮಮ್ಮಿಯನ್ನು ಮುಟ್ಟಿದ್ದು ಮೂರು ವರ್ಷಗಳ ಮೇಲೆ. ಅಂಗರಚನಾ ತಜ್ಞ ಡಗ್ಲಸ್ ಡೆರಿ 1925ರ ನವೆಂಬರ್ 11ರಂದು ಬಟ್ಟೆಗೆ ಮೊದಲ ಕೊಯ್ತ ಹಾಕಿದ. ಸುತ್ತುಬಟ್ಟೆಯ ನಡುವೆ ಸಿಕ್ಕ ವಸ್ತುಗಳು 143. ಕೊರಳೊಂದರಲ್ಲೇ ಆರು ಪದರಗಳಲ್ಲಿ ಇಪ್ಪತ್ತು ತಾಯಿತಗಳಿದ್ದವು. ಅವುಗಳಲ್ಲಿ ಬಂಗಾರದ ಜೆದ್, ಕೆಂಪು ಜ್ಯಾಸ್ಪರ್‌ನ ತಿತ್, ಹಸಿರು ಫೆಲ್ಡ್‌ಸ್ಪಾರ್‌ನ ವಾಜ್ ಮೂರೂ ಸಿಕ್ಕವು. ಪುಸ್ತಕ ಹೇಳಿದ ಕಲ್ಲು, ಪುಸ್ತಕ ಹೇಳಿದ ಜಾಗ. ತಲೆಯ ಹಿಂದೆ ಕಬ್ಬಿಣದ ಪುಟ್ಟ ತಲೆಯಾಸರೆ ಇತ್ತು. ಬದುಕಿರುವಾಗ ದಿಂಬಿನ ಬದಲು ಬಳಸುತ್ತಿದ್ದ ಮರದ ತಲೆಯಾಸರೆಯ ಕಿರುರೂಪ ಇದು. ಇದಕ್ಕೆ ಸೇರಿದ 166ನೆಯ ಮಂತ್ರದ ಗುರಿ ಸತ್ತವನ ತಲೆಯನ್ನು ಯಾರೂ ಕಿತ್ತೊಯ್ಯದಂತೆ ನೋಡಿಕೊಳ್ಳುವುದು. ಕೊರಳಿನ ಸುತ್ತ ಇಷ್ಟೊಂದು ದಟ್ಟಣೆ ಏಕೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ತಲೆ ಮುಂಡದಿಂದ ಬೇರೆಯಾಗುವುದು ಈಜಿಪ್ಟಿನವರಿಗೆ ಎರಡನೆಯ ಸಾವು, ಅದರಿಂದ ಮೇಲೇಳುವಂತಿಲ್ಲ. ಕೊರಳು ದೇಹದ ಅತಿ ದುರ್ಬಲ ಕೀಲು, ಅದಕ್ಕೇ ಕಾವಲು ಅಲ್ಲಿ ಹೆಚ್ಚು.

ಅರಸನಲ್ಲದವರ ಕಥೆ ಬೇರೆ. ಬಂಗಾರದ ಜೆದ್ ಕೆಲವರಿಗಷ್ಟೇ ಕೈಗೆಟುಕುತ್ತಿತ್ತು, ಉಳಿದವರಿಗೆ ಫೇಯೆನ್ಸ್. ಇದು ಜೇಡಿಮಣ್ಣಲ್ಲ. ಬಿಳಿಗಲ್ಲಿನ ಪುಡಿ ಅಥವಾ ಮರಳಿಗೆ ಸ್ವಲ್ಪ ಸುಣ್ಣ, ನೇಟ್ರಾನ್ ಉಪ್ಪು ಇಲ್ಲವೇ ಗಿಡದ ಬೂದಿ, ಬಣ್ಣಕ್ಕೆ ತಾಮ್ರ ಸೇರಿಸಿ ನೀರಿನಲ್ಲಿ ಕಲಸಿ ಅಚ್ಚಿಗೆ ಒತ್ತುತ್ತಿದ್ದರು. ಒಣಗುವಾಗ ಒಳಗಿನ ಕ್ಷಾರ ಮೇಲ್ಮೈಗೆ ಉಕ್ಕಿ ಬೆಳ್ಳನೆಯ ಪುಡಿಯಾಗಿ ನಿಲ್ಲುತ್ತದೆ. ಸುಟ್ಟಾಗ ಅದೇ ಕರಗಿ ನೀಲಿಹಸಿರು ಗಾಜಿನ ಹೊಳಪಾಗುತ್ತದೆ. ಪೆಟ್ರಿ 1891-92ರಲ್ಲಿ ಅಮಾರ್ನಾದಲ್ಲಿ ಅಗೆದಾಗ ಇಂಥ ಸುಟ್ಟ ಮಣ್ಣಿನ ಅಚ್ಚುಗಳು ಸಾವಿರಗಟ್ಟಲೆ ಸಿಕ್ಕವು. ಎಂದರೆ ತಾಯಿತ ಅಚ್ಚಿನಿಂದ ಅಚ್ಚಿಗೆ ಮರುಕಳಿಸುವ ತಯಾರಿಕೆಯ ಮಾಲು. ಒಂದು ಅಚ್ಚು, ಒಂದು ಒಲೆ ಇದ್ದರೆ ಕೇರಿಗೆ ಸಾಕಾಗುವಷ್ಟು ಬೆಸ್ ದೇವರು ಹೊರಬೀಳುತ್ತಿದ್ದ.

ಇಲ್ಲೊಂದು ತೊಡಕಿದೆ. ಕೆಂಪು ಇರಬೇಕಾದ ತಿತ್, ಬಂಗಾರದ್ದಾಗಿರಬೇಕಾದ ಜೆದ್ ಎಷ್ಟೋ ಕಡೆ ನೀಲಿಹಸಿರು ಫೇಯೆನ್ಸ್‌ನಲ್ಲಿ ಸಿಗುತ್ತವೆ. ಬಡವರ ಅಗ್ಗದ ನಕಲು ಎಂದು ಇದನ್ನು ತಳ್ಳಿಹಾಕುವ ರೂಢಿ ಇದೆ. ನನಗದು ಒಪ್ಪಿಗೆಯಿಲ್ಲ. ಹಸಿರು ಅವರಿಗೆ ಚಿಗುರಿನ, ಪ್ರವಾಹ ಇಳಿದ ಮೇಲಿನ ಹೊಲದ, ಸತ್ತು ಮತ್ತೆ ಎದ್ದ ದೇವರಾದ ಒಸಿರಿಸ್‌ನ ಮೈಯ ಬಣ್ಣ. ನೀಲಿ ಎಂದರೆ ಬದಖ್ಶಾನಿನಿಂದ ಬರುತ್ತಿದ್ದ ಲ್ಯಾಪಿಸ್ ಲಾಜುಲಿ, ಸಿನಾಯ್ ಗುಡ್ಡಗಳ ಫಿರೋಜ. ಹೊಳಪು ಎಂದರೆ ಸೂರ್ಯ. ಫೇಯೆನ್ಸ್‌ನಲ್ಲಿ ಈ ಮೂರೂ ಒಂದೇ ಸುಡುವಿಕೆಯಲ್ಲಿ ಬರುತ್ತವೆ. ಅರಸರ ಗೋರಿಗಳಲ್ಲೂ ಅದು ಧಾರಾಳವಾಗಿ ಇರುವುದರಿಂದ ಬರೀ ಬಡತನದ ವಿವರಣೆ ನಿಲ್ಲುವುದಿಲ್ಲ. ವಿಧಿ ಹೇಳಿದ ಕಲ್ಲು ಸಿಗದಿದ್ದಾಗ ಕುಶಲಕರ್ಮಿ ಮಾಡಿದ್ದು ಲೋಪವಲ್ಲ. ತಿತ್‌ನ ರಕ್ತವರ್ಣವನ್ನು ಬಿಟ್ಟುಕೊಟ್ಟು ಆತ ಮರುಹುಟ್ಟಿನ ಬಣ್ಣವನ್ನು ಪಡೆದ. ಹಾಗೆ ಬದಲಿಸಿದ ತಿತ್ ಕೂಡ ಹೆಚ್ಚಾಗಿ ಕೊರಳು ಅಥವಾ ಎದೆಯ ಮೇಲೆಯೇ ಸಿಗುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ವಸ್ತುವಿನಲ್ಲಿ ಸಡಿಲಿಕೆ ಇದ್ದಷ್ಟು ಜಾಗದಲ್ಲಿ ಇರಲಿಲ್ಲ.

ಜಾಗ ಮತ್ತು ಮಾತು ಬಿಡಿಸಲಾಗದಂತೆ ಬೆಸೆದುಕೊಂಡಿರುವ ತಾಯಿತ ಹೃದಯದ ದುಂಬಿ. ಬೆರಳಿನ ಉಂಗುರದಲ್ಲಿ ಕೂರುವ, ಮುದ್ರೆಯಾಗಿಯೂ ಬಳಕೆಯಾದ ಸಣ್ಣ ದುಂಬಿಗಳೊಂದಿಗೆ ಇದನ್ನು ಬೆರೆಸಬಾರದು. ಇದು ಅಂಗೈಗೆ ತುಂಬುವಷ್ಟು ದೊಡ್ಡದು, ಸಾಮಾನ್ಯವಾಗಿ ಕಡುಹಸಿರು ಕಲ್ಲಿನದು, ಚಪ್ಪಟೆ ಅಡಿಭಾಗದಲ್ಲಿ ಮೃತರ ಪುಸ್ತಕದ 30ಬಿ ಮಂತ್ರ ಕೊರೆದದ್ದು. ಒಸಿರಿಸ್‌ನ ಎದುರು ನಡೆಯುವ ವಿಚಾರಣೆಯಲ್ಲಿ ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ, ಮಾತ್ ದೇವತೆಯ ಗರಿಯನ್ನು ಇನ್ನೊಂದರಲ್ಲಿ ಇಡುತ್ತಾರೆ. ಆಗ ತನ್ನ ವಿರುದ್ಧ ಸಾಕ್ಷಿ ಹೇಳಬೇಡ ಎಂದು ಸತ್ತವನು ತನ್ನದೇ ಹೃದಯವನ್ನು ಬೇಡಿಕೊಳ್ಳುವುದು ಈ ಮಂತ್ರ. ಬೇರೆ ತಾಯಿತಗಳೆಲ್ಲ ಹಾವು, ಚೇಳು, ಭೂತ, ಕೊಳೆಯುವಿಕೆ ಹೀಗೆ ಹೊರಗಿನ ಕೇಡಿಗೆ ಅಡ್ಡ ನಿಂತರೆ, ಇದೊಂದು ಮಾತ್ರ ಮನುಷ್ಯನನ್ನು ಅವನ ಒಳಗಿನ ನೆನಪಿನಿಂದ ಕಾಪಾಡಲು ಹೊರಡುತ್ತದೆ. ನೀತಿಯ ವಿಚಾರಣೆಯನ್ನು ಮಾಯೆಯ ಉಪಾಯದಿಂದ ದಾಟುವ ಈ ಹವಣಿಕೆ ನಮಗೆ ಇರುಸುಮುರುಸು ತರಬಹುದು. ಈಜಿಪ್ಟಿನ ಪುರೋಹಿತರಿಗೆ ಅದರಲ್ಲಿ ವಿರೋಧ ಕಂಡಂತಿಲ್ಲ.

ಮಂತ್ರಕ್ಕೆ ಒಂದು ವಂಶಾವಳಿಯೂ ಇದೆ. ಗೀಜಾದ ಮೂರನೆಯ ಪಿರಮಿಡ್ಡು ಕಟ್ಟಿಸಿದ ಮೆನ್ಕೌರೆಯ ಕಾಲದಲ್ಲಿ ಹೋರ್ಜೆದೆಫ್ ಎಂಬ ರಾಜಕುಮಾರ ದೇವಾಲಯಗಳ ತಪಾಸಣೆಗೆ ಹೋದಾಗ, ಹರ್ಮೋಪೊಲಿಸ್‌ನಲ್ಲಿ ದೇವರ ಪಾದದಡಿ ಇದು ಸಿಕ್ಕಿತೆಂದು ವಿಧಿವಾಕ್ಯ ಹೇಳುತ್ತದೆ. ಪುರಾತನತೆಯ ಇಂಥ ಹಕ್ಕುಗಳನ್ನು ಪುರಾವೆಯೊಂದಿಗೆ ಹೋಲಿಸಿ ನೋಡಬೇಕು. ಈವರೆಗೆ ಗುರುತಿಸಿದ ಹೃದಯದ ದುಂಬಿಗಳಲ್ಲಿ ಅತಿ ಹಳೆಯವುಗಳಲ್ಲೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ನೆಬಾಂಖ್ ಎಂಬ ಅಧಿಕಾರಿಯದು, ಹದಿಮೂರನೆಯ ರಾಜವಂಶದ ಕಾಲದ್ದು. ಮೆನ್ಕೌರೆಗೂ ನೆಬಾಂಖ್‌ಗೂ ನಡುವೆ ಸುಮಾರು ಎಂಟು ಶತಮಾನಗಳು. ಹೋರ್ಜೆದೆಫ್‌ನ ಕಥೆ ಮಂತ್ರದ ಇತಿಹಾಸವಲ್ಲ, ಅದರ ಬಲಕ್ಕೆ ಹಾಕಿದ ಮೊಹರು.

ಅದೇ ಸಂಗ್ರಹಾಲಯದಲ್ಲಿರುವ ಇನ್ನೊಂದು ಹೃದಯದ ದುಂಬಿಯ ಮೇಲೆ ಸೊಬೆಕೆಮ್ಸಾಫ್ ಎಂಬ ಅರಸನ ಹೆಸರಿದೆ. ಹಸಿರು ಕಲ್ಲು, ಬಂಗಾರದ ಕಟ್ಟು, ದುಂಬಿಯ ತಲೆಯ ಜಾಗದಲ್ಲಿ ಮನುಷ್ಯನ ಮುಖ. ಹದಿನೇಳನೆಯ ರಾಜವಂಶದಲ್ಲಿ ಈ ಹೆಸರಿನ ಅರಸರು ಇಬ್ಬರು. ಇದು ಯಾರದ್ದೆಂಬ ಚರ್ಚೆಗೆ ವಿಚಿತ್ರವಾದ ಸಾಕ್ಷಿಯೊಂದು ಸಿಕ್ಕಿದೆ, ಕಳ್ಳನ ತಪ್ಪೊಪ್ಪಿಗೆ. ಒಂಬತ್ತನೆಯ ರಾಮ್ಸೆಸ್‌ನ ಆಳ್ವಿಕೆಯ 16ನೆಯ ವರ್ಷ, ಸುಮಾರು ಕ್ರಿ.ಪೂ. 1110ರಲ್ಲಿ, ಅಮೆನ್‌ಪನೆಫರ್ ಎಂಬ ಕಲ್ಲುಕುಟಿಗ ವಿಚಾರಣೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಆ ಪಪೈರಸ್ಸಿನ ಕೆಳಭಾಗ ಈಗ ನ್ಯೂಯಾರ್ಕಿನ ಮೋರ್ಗನ್ ಗ್ರಂಥಾಲಯದಲ್ಲಿದೆ. ಮೇಲ್ಭಾಗವನ್ನು 1935ರಲ್ಲಿ ಬೆಲ್ಜಿಯಮ್ಮಿನ ವಿದ್ವಾಂಸ ಝಾನ್ ಕಾಪಾರ್ ಬ್ರಸೆಲ್ಸ್‌ನಲ್ಲಿ ಒಂದು ಮರದ ಪ್ರತಿಮೆಯ ಹೊಟ್ಟೆಯೊಳಗೆ ಕಂಡ. ಒಪ್ಪಿಗೆಯ ಪ್ರಕಾರ ಅವನೂ ಅವನ ಸಂಗಡಿಗರೂ ಸೊಬೆಕೆಮ್ಸಾಫ್ ಮತ್ತು ರಾಣಿ ನುಬ್ಖಾಸ್ ಇಬ್ಬರ ಗೋರಿಯನ್ನೂ ಕೊರೆದರು. ಅರಸನ ಕೊರಳಲ್ಲಿ ಬಂಗಾರದ ತಾಯಿತಗಳ ರಾಶಿಯೇ ಇತ್ತು. ಸಿಕ್ಕ ಬಂಗಾರ 160 ದೆಬೆನ್, ಅಂದರೆ ಹದಿನಾಲ್ಕೂವರೆ ಕಿಲೋದಷ್ಟು. ಎಂಟು ಪಾಲು ಮಾಡಿ ತಲಾ 20 ದೆಬೆನ್ ಹಂಚಿಕೊಂಡು ಶವಪೆಟ್ಟಿಗೆಗಳಿಗೆ ಬೆಂಕಿ ಹಚ್ಚಿದರು. ಸಿಕ್ಕಿಬಿದ್ದ ಕಲ್ಲುಕುಟಿಗ ತನ್ನ ಪಾಲನ್ನು ಒಬ್ಬ ಗುಮಾಸ್ತನಿಗೆ ಲಂಚ ಕೊಟ್ಟು ಹೊರಬಂದ; ಗೆಳೆಯರು ಅವನಿಗೆ ಮತ್ತೊಂದು ಪಾಲು ಕೂಡಿಸಿಕೊಟ್ಟರು. ಕಳ್ಳರಲ್ಲೂ ಲೆಕ್ಕದ ನಿಯತ್ತಿತ್ತು ಎನ್ನಬೇಕು. ಶವದ ಮೇಲಿನ ಬಂಗಾರವನ್ನೆಲ್ಲ ಸುಲಿದು ಪೆಟ್ಟಿಗೆ ಸುಟ್ಟವರ ಕೈಯಿಂದ ಬಂಗಾರದ ಕಟ್ಟಿರುವ ದುಂಬಿಯೊಂದು ಉಳಿಯುವ ಸಂಭವ ಕಡಿಮೆ. ಆದ್ದರಿಂದ ಲಂಡನ್ನಿನದು ಇನ್ನೊಬ್ಬ ಸೊಬೆಕೆಮ್ಸಾಫ್‌ನದ್ದೆಂಬ ಪಕ್ಷಕ್ಕೇ ನನ್ನ ಒಲವು.

ತಾಯಿತಕ್ಕೆ ಹೆದರಿ ಕೈ ಹಿಂದೆಗೆದ ಸುಳಿವು ಆ ಒಪ್ಪಿಗೆಯಲ್ಲಿ ಎಲ್ಲೂ ಇಲ್ಲ. ದೇವಾಲಯದಲ್ಲಿ ಕೆಲಸ ಮಾಡುತ್ತಿದ್ದ, ರಕ್ಷೆ ಎಂದರೇನೆಂದು ಬಲ್ಲ ಮನುಷ್ಯ ಅದನ್ನು ತೂಕಕ್ಕೆ ಹಾಕುತ್ತಾನೆ. ಈಜಿಪ್ಟಿನವರೆಲ್ಲ ಒಂದೇ ಸಮನೆ ನಂಬಿದ್ದರು ಎಂದು ಬರೆಯುವವರು ಈ ಪುಟವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಹೃದಯದ ವಿಷಯದಲ್ಲಿ ಪಠ್ಯ ಮತ್ತು ದೇಹ ಹೊಂದದಿರುವ ಇನ್ನೊಂದು ಅಂಶವಿದೆ. ಶವ ಕೆಡದಂತೆ ಮಾಡುವಾಗ ಉಳಿದ ಅಂಗಗಳನ್ನು ತೆಗೆದರೂ ಹೃದಯವನ್ನು ಸ್ವಸ್ಥಾನದಲ್ಲೇ ಬಿಡುತ್ತಿದ್ದರು ಎಂಬುದು ಪಠ್ಯಪುಸ್ತಕದ ಮಾತು. ಆಂಡ್ರ್ಯೂ ವೇಡ್ ಮತ್ತು ಆಂಡ್ರ್ಯೂ ನೆಲ್ಸನ್ 2013ರಲ್ಲಿ ಸುಮಾರು 150 ಮಮ್ಮಿಗಳ ವಿವರಗಳನ್ನು ಒಟ್ಟುಮಾಡಿ ನೋಡಿದಾಗ ಹೃದಯ ಉಳಿದಿದ್ದದ್ದು ಕಾಲುಭಾಗದಷ್ಟರಲ್ಲಿ ಮಾತ್ರ. ಹಾಗಾದರೆ ಎದೆಯ ಮೇಲಿನ ಕಲ್ಲಿನ ದುಂಬಿ ಹೃದಯಕ್ಕೆ ಕಾವಲೋ, ಹೃದಯದ ಬದಲಿಯೋ? ಎರಡನೆಯದೂ ಹಲವರ ಪಾಲಿಗೆ ನಿಜವಾಗಿದ್ದಿರಬೇಕು. ಇಂಥ ಪ್ರಶ್ನೆಗೆ ಆಕಾರದ ಅರ್ಥಕೋಶದಲ್ಲಿ ಉತ್ತರವಿಲ್ಲ. ಎದೆಗೂಡಿನೊಳಗೆ ನೋಡಬೇಕು.

ಇಷ್ಟೂ ಸತ್ತವರ ಮಾತಾಯಿತು. ಬದುಕಿದವರ ತಾಯಿತಗಳು ಬೇರೆಯದೇ ಗುಂಪು. ಜೆದ್, ತಲೆಯಾಸರೆ, ಹೃದಯದ ದುಂಬಿಗಳು ಮುಖ್ಯವಾಗಿ ಗೋರಿಯವು. ಕುಳ್ಳ ಬೆಸ್, ನೀರಾನೆಯ ಮೈಯ ತಾವರೆತ್, ಕಪ್ಪೆರೂಪದ ಹೆಕೆತ್ ಬಾಣಂತಿಯ ಕೋಣೆಯವು. ಅಖೆನಾತೆನ್ ಸೂರ್ಯಬಿಂಬವೊಂದನ್ನೇ ಪೂಜಿಸಬೇಕೆಂದು ಕಟ್ಟಿಸಿದ ಅಮಾರ್ನಾ ನಗರದ ಮನೆಗಳಲ್ಲೂ ಬೆಸ್ ಮತ್ತು ತಾವರೆತ್ ಸಿಕ್ಕಿರುವುದು ಅರಮನೆಯ ಧರ್ಮ ಹೊಸ್ತಿಲ ಒಳಗೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಳ್ಳೆಯ ಅಳತೆ. ಮಕ್ಕಳ ಜಡೆಯ ತುದಿಗೆ ಮೀನಿನ ಪದಕ ಕಟ್ಟುತ್ತಿದ್ದರು. ನೀರಿನಲ್ಲಿ ಮುಳುಗದಿರಲಿ ಎಂದಿರಬೇಕು. ವೆಸ್ಟ್‌ಕಾರ್ ಪಪೈರಸ್ಸಿನ ಕಥೆಯಲ್ಲಿ ಸ್ನೆಫ್ರು ಅರಸನ ದೋಣಿ ನಡೆಸುವ ಇಪ್ಪತ್ತು ಹುಡುಗಿಯರಲ್ಲೊಬ್ಬಳು ತನ್ನ ಫಿರೋಜದ ಮೀನು ಕೆರೆಗೆ ಬಿತ್ತೆಂದು ಹುಟ್ಟು ಹಾಕುವುದನ್ನೇ ನಿಲ್ಲಿಸುತ್ತಾಳೆ. ಅರಸ ಬೇರೊಂದು ಕೊಡುತ್ತೇನೆಂದರೂ ಒಪ್ಪುವುದಿಲ್ಲ. ಮಂತ್ರವಾದಿ ಬಂದು ಕೆರೆಯ ನೀರನ್ನು ಮಡಚಿಟ್ಟು ಮೀನನ್ನು ತೆಗೆದುಕೊಡಬೇಕಾಗುತ್ತದೆ. ಕಥೆ ತಮಾಷೆಯದು, ಆದರೆ ಇನ್ನೊಂದು ಮೀನು ತನ್ನ ಮೀನಾಗದು ಎಂಬ ಆ ಹಟದಲ್ಲಿ ತಾಯಿತದ ಬಗ್ಗೆ ಒಂದು ತಿಳಿವಳಿಕೆ ಇದೆ.

ಬರ್ಲಿನ್ನಿನ ಒಂದು ಪಪೈರಸ್ಸಿನಲ್ಲಿ ತಾಯಿ-ಮಗುವಿನ ರಕ್ಷಣೆಯ ಮಂತ್ರಗಳಿವೆ. 1901ರಲ್ಲಿ ಆಡೋಲ್ಫ್ ಎರ್ಮನ್ ಅದನ್ನು ಪ್ರಕಟಿಸಿದ. ಬಂಗಾರ ಮತ್ತು ಗಾರ್ನೆಟ್ ಮಣಿ, ಮೊಸಳೆ ಮತ್ತು ಕೈಯ ಗುರುತಿನ ಮುದ್ರೆ, ಇವುಗಳ ಮೇಲೆ ಮಂತ್ರ ಹೇಳಿ ನಾರುಬಟ್ಟೆಯ ದಾರದಲ್ಲಿ ಪೋಣಿಸಿ ಮಗುವಿನ ಕೊರಳಿಗೆ ಕಟ್ಟಬೇಕೆಂದು ಅಲ್ಲಿ ಹೇಳಿದೆ. ಇಲ್ಲೂ ಮಾತು, ದಾರ, ಕೊರಳು. ಮುಂದೆ, 22 ಮತ್ತು 23ನೆಯ ರಾಜವಂಶಗಳ ಹೊತ್ತಿಗೆ, ಆಕಾರವೇ ಬೇಡವಾಯಿತು. ದೇವರ ವಾಕ್ಕನ್ನು ಕಿರಿದಾದ ಪಪೈರಸ್ ಪಟ್ಟಿಯ ಮೇಲೆ ಬರೆದು, ಸುರುಳಿ ಸುತ್ತಿ, ಕೊಳವೆಯಲ್ಲಿಟ್ಟು ಕೊರಳಿಗೆ ಹಾಕುತ್ತಿದ್ದರು. ಐ. ಇ. ಎಸ್. ಎಡ್ವರ್ಡ್ಸ್ 1960ರಲ್ಲಿ ಇವನ್ನು ಒಟ್ಟಾಗಿ ಪ್ರಕಟಿಸಿದ. ಯಂತ್ರ ಬರೆದ ತಗಡನ್ನು ಸುರುಳಿ ಮಾಡಿ ತಾಯಿತದೊಳಗಿಡುವುದನ್ನು ಕಂಡ ಓದುಗರಿಗೆ ಇದರ ರಚನೆ ವಿವರಿಸಬೇಕಿಲ್ಲ. ಹಾವು, ಚೇಳು, ಕುರುಡು, ಕುಸಿಯುವ ಗೋಡೆ, ದೋಣಿಪ್ರಯಾಣ, ಬಾವಿಯ ಭೂತ, ಒಬ್ಬರ ಬದಲು ಇನ್ನೊಬ್ಬರನ್ನು ಎಳೆದೊಯ್ಯುವ ದೇವರುಗಳು ಹೀಗೆ ಸಾಗುವ ಅವುಗಳ ಪಟ್ಟಿ ಆ ಕಾಲದ ಅಪ್ಪ-ಅಮ್ಮಂದಿರ ದಿಗಿಲಿನ ಅತ್ಯುತ್ತಮ ದಾಖಲೆ ಎಂದು ನನ್ನ ಎಣಿಕೆ.

ಅತಿ ಜನಪ್ರಿಯವಾದ ಹೋರಸ್‌ನ ಕಣ್ಣಿನ ಬಗ್ಗೆ ಒಂದು ಮಾತು ಸೇರಿಸಬೇಕು. ಸೇತ್ ಗಾಯಗೊಳಿಸಿದ, ಥಾತ್ ಗುಣಪಡಿಸಿದ ಕಣ್ಣು ಅದು. ತಾಯಿತವಾಗಿ ಬದುಕಿದವರಿಗೂ ಸತ್ತವರಿಗೂ ನಡೆಯುತ್ತಿತ್ತು. ಆದರೆ ಕಣ್ಣಿನ ಆರು ಭಾಗಗಳು 1/2ರಿಂದ 1/64ರವರೆಗಿನ ಭಿನ್ನರಾಶಿಗಳನ್ನು ಸೂಚಿಸುತ್ತವೆ, ಕೂಡಿದರೆ 63/64 ಆಗಿ ಉಳಿದ ಒಂದು ಪಾಲನ್ನು ಥಾತ್ ಮಾಯೆಯಿಂದ ತುಂಬಿದ ಎಂಬ ವಿವರಣೆಯನ್ನು ಈಗ ಕೈಬಿಡುವುದು ಲೇಸು. ಧಾನ್ಯ ಅಳೆಯುವ ಲೆಕ್ಕದಲ್ಲಿ ಬಳಸುತ್ತಿದ್ದ ಹಿಯರಾಟಿಕ್ ಎಂಬ ಓಡುಬರಹದ ಗುರುತುಗಳಿಗೂ ಈ ಕಣ್ಣಿಗೂ ಮೂಲದಲ್ಲಿ ನಂಟಿಲ್ಲವೆಂದು ಗಣಿತದ ಇತಿಹಾಸಕಾರ ಜಿಮ್ ರಿಟ್ಟರ್ 2002ರಲ್ಲಿ ವಾದಿಸಿದ. ಆತನ ವಾದ ಗಟ್ಟಿಯಾಗಿದೆ. ಭಿನ್ನರಾಶಿಯ ಕಣ್ಣು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಕೈಯಾರೆ ಪೋಣಿಸಿದ ತಾಯಿತ.

ಕೊನೆಯದಾಗಿ, ಜಾಗದ ಪ್ರಶ್ನೆಗೆ ಹೊಸ ಬೆಳಕು ತಂದ ಒಂದು ದೇಹ. ಎಡ್ಫುವಿನ ಬಳಿಯ ಸ್ಮಶಾನದಲ್ಲಿ 1916ರಲ್ಲಿ ಸಿಕ್ಕು, ಕೈರೋ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಬಿಚ್ಚದೆ ಉಳಿದಿದ್ದ, ಟಾಲೆಮಿಗಳ ಕಾಲದ ಹುಡುಗನೊಬ್ಬನ ಮಮ್ಮಿ. ಕೈರೋ ವಿಶ್ವವಿದ್ಯಾಲಯದ ಸಹರ್ ಸಲೀಮ್ ಮತ್ತು ಸಂಗಡಿಗರು ಅದನ್ನು ಸಿ.ಟಿ. ಸ್ಕ್ಯಾನ್ ಮಾಡಿ 2023ರಲ್ಲಿ ವರದಿ ಪ್ರಕಟಿಸಿದರು. ಹುಡುಗನ ವಯಸ್ಸು ಹದಿನಾಲ್ಕು-ಹದಿನೈದು. ಬಟ್ಟೆಯ ಮಡಿಕೆಗಳಲ್ಲೂ ದೇಹದ ಒಳಗೂ 21 ಆಕಾರಗಳ 49 ತಾಯಿತಗಳು ಮೂರು ಸಾಲಾಗಿ ಜೋಡಣೆಗೊಂಡಿವೆ. ನ್ಯಾಯಸ್ಥಾನದಲ್ಲಿ ಮಾತಾಡಲು ಬಾಯೊಳಗೆ ಬಂಗಾರದ ನಾಲಿಗೆ, ಎದೆಗೂಡಿನೊಳಗೆ ಬಂಗಾರದ ಹೃದಯದ ದುಂಬಿ. ಹಸಿರು ಕಲ್ಲಿನ ಜಾಗಕ್ಕೆ ಬಂಗಾರ ಬಂದಿದೆ, ಆದರೆ ದುಂಬಿ ಎದೆಯನ್ನು ಬಿಟ್ಟಿಲ್ಲ.

ಇದೇ ದೇಹದಲ್ಲಿ ನಿಯಮಕ್ಕೆ ಒಗ್ಗದ ತಾಯಿತವೂ ಒಂದಿದೆ. ತೋರುಬೆರಳು ಮತ್ತು ನಡುಬೆರಳನ್ನು ಜೋಡಿಸಿದ ಆಕಾರದ ತಾಯಿತ ತಡವಾಗಿ ಬಳಕೆಗೆ ಬಂದದ್ದು, ಅದೂ ಮಮ್ಮಿಗಳ ಮೇಲೆ ಮಾತ್ರ. ಹೆಚ್ಚಾಗಿ ಅಬ್ಸಿಡಿಯನ್ ಅಥವಾ ಬೇರೆ ಕಪ್ಪು ಕಲ್ಲಿನದು. ಅಂಗಗಳನ್ನು ಹೊರತೆಗೆಯಲು ಹೊಟ್ಟೆಯ ಎಡಬದಿಯಲ್ಲಿ ಹಾಕಿದ ಕೊಯ್ತದ ಬಳಿ ಸಿಗುವುದರಿಂದ, ಆ ಗಾಯವನ್ನು ಮುಚ್ಚಿ ಹಿಡಿಯುವ ಸಂಸ್ಕಾರ ಮಾಡಿದವನ ಬೆರಳುಗಳೆಂದು ಅರ್ಥ ಮಾಡಿದ್ದಾರೆ. ಈ ಹುಡುಗನಲ್ಲಿ ಅದು ಜನನಾಂಗದ ಪಕ್ಕದಲ್ಲಿದೆ. ಸುತ್ತುವಾಗ ಜಾರಿದ್ದೋ, ಬೇಕೆಂದೇ ಇಟ್ಟದ್ದೋ ಎಂದು ಒಂದೇ ಮಮ್ಮಿಯಿಂದ ತೀರ್ಮಾನಿಸಲಾಗದು. ಸ್ಕ್ಯಾನ್ ಆಗಿ ಪ್ರಕಟವಾಗಿರುವ ಟಾಲೆಮಿ ಕಾಲದ ಮಮ್ಮಿಗಳಲ್ಲಿ ಎರಡು ಬೆರಳಿನ ತಾಯಿತ ಯಾವ ಬದಿಯಲ್ಲಿದೆ, ಕೊಯ್ತದಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿದೆ, ಯಾವ ಪದರದಲ್ಲಿದೆ ಎಂದು ಗುರುತಿಸಿ, ಪೆಟ್ರಿಯ 1914ರ ಫಲಕಗಳ ಜೊತೆಗಿಟ್ಟು ನೋಡುವ ಕೆಲಸ ಮೊದಲು ಆಗಬೇಕಿದೆ.